ಅರಿಶಿನದೊಳಗಿನ ಹಳದಿ

ಮಾಲಿಶ್‌ವಾಲಿ ಅಂದಿದ್ದಳು ಆ ನರ್ಸು. ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ, ಹಸುಗೂಸುಗಳ ವಾರ್ಡಿನ ಹೊರಗೆ, ಡಿಸೆಂಬರಿನ ಚಳಿಗೆ ಕೊರೆಯುತ್ತಿದ್ದ ಸ್ಟೀಲಿನ ಕುರ್ಚಿಯ ಮೇಲೆ ಕೂತ ಚಂದ್ರಮ್ಮನ ತಲೆಯಲ್ಲಿ ಆ ಮಾತೇ ಸುತ್ತುತ್ತಿತ್ತು. ಒಳಗೆ ಏಳು ದಿನದ ಕೂಸು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ನೀಲಿ ದೀಪದ ಕೆಳಗೆ ಬರಿಮೈಯಲ್ಲಿ ಮಲಗಿದೆ. ಅದರ ರಕ್ತದಲ್ಲಿ ಕಾಮಾಲೆ ಏರಿದೆ, ಇನ್ನೂ ಏರಿದರೆ ಮಿದುಳಿಗೆ ಹೋಗುತ್ತದೆ ಎಂದು ಡಾಕ್ಟರು ಹೇಳಿ ಅರ್ಧ ಗಂಟೆ ಆಗಿಲ್ಲ. ಇಂಥ ಹೊತ್ತಿನಲ್ಲಿ ತನಗೆ ಒಂದು ಮಾತು ಚುಚ್ಚುತ್ತಿದೆಯಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ನಾಚಿಕೆಯಾದದ್ದಕ್ಕೇ ಮತ್ತೆ ಸಿಟ್ಟು ಬಂತು. ಮಾಲಿಶ್‌ವಾಲಿಯರು ಬೇರೆ. ಮನೆ ಮನೆಗೆ ಹೋಗಿ ಪಗಾರ ಮಾತಾಡಿ, ಮೊಬೈಲು ಕಿವಿಗಿಟ್ಟುಕೊಂಡೇ ಕೂಸಿಗೆ ಎಣ್ಣೆ ತಿಕ್ಕಿ ಕಾಲು ಎಳೆಯುವವರು ಅವರು. ಚಂದ್ರಮ್ಮ ಮೂವತ್ತೊಂದು ವರ್ಷದಿಂದ ಈ ನಾಗಪುರದ ಕನ್ನಡದವರ ಮನೆಗಳಲ್ಲಿ ಕೂಸುಗಳಿಗೆ ನೀರು ಹಾಕುತ್ತ ಬಂದವಳು. ಗಂಡ ಗುರುಸಿದ್ದಪ್ಪ ಮುದ್ದೇಬಿಹಾಳದ ಕಡೆಯಿಂದ ಇಲ್ಲಿಯ ಆರ್ಡನನ್ಸ್ ಫ್ಯಾಕ್ಟರಿಗೆ ಫಿಟ್ಟರಾಗಿ ಬಂದಾಗ, ಕ್ವಾರ್ಟರ್ಸಿನಲ್ಲಿ ತಾಯಿಯೂ ಇಲ್ಲದೆ ಅತ್ತೆಯೂ ಇಲ್ಲದೆ ಹಡೆದು ಕೂತ ಹುಡುಗಿಯರಿಗೆ ಅವಳೇ ತಾಯಿ, ಅವಳೇ ಅತ್ತೆ ಆದಳು. ರೈಲ್ವೆಯವರು, ಬ್ಯಾಂಕಿನವರು, ಮಾಸ್ತರರು, ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಮೊದಲ ಫೋನು ಊರಿಗೆ, ಎರಡನೆಯದು ಚಂದ್ರಮ್ಮನಿಗೆ. ಒಂದು ರೂಪಾಯಿ ಮುಟ್ಟಿದವಳಲ್ಲ. ಹೆಸರಿಡುವ ದಿನ ಒಂದು ಕುಪ್ಪಸದ ಖಣ, ಒಂದು ತೆಂಗಿನಕಾಯಿ, ಅಷ್ಟೇ. ಈಗ ಒಳಗೆ ಮಲಗಿರುವ ಕೂಸಿನ ತಾಯಿ ಸೌಜನ್ಯಾ ಕೂಡ ಇಪ್ಪತ್ತೊಂಬತ್ತು ವರ್ಷದ ಹಿಂದೆ ಇದೇ ಕಾಲುಗಳ ಮೇಲೆ ಮಲಗಿ ನೀರು ಹಾಕಿಸಿಕೊಂಡವಳು, ಇವಳನ್ನು ಮೌಶಿ, ಚಿಕ್ಕಮ್ಮ ಎಂದೇ ಕರೆಯುವವಳು.

ಪಕ್ಕದ ಕುರ್ಚಿಯಲ್ಲಿ ಸೌಜನ್ಯಾಳ ತಾಯಿ ಪ್ರಭಾ ಇದ್ದಳು. ಬ್ಯಾಂಕಿನಲ್ಲಿ ಹತ್ತು ಜನರನ್ನು ಎದುರು ಕೂರಿಸಿಕೊಂಡು ಗದರಿಸುವ ಹೆಂಗಸು, ಇವತ್ತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಇಷ್ಟೇ ಮಾಡುತ್ತಿದ್ದಳು. ಅವಳ ಇನ್ನೊಂದು ಕೈ ಚಂದ್ರಮ್ಮನ ಮಣಿಕಟ್ಟನ್ನು ಹಿಡಿದಿತ್ತು. ಡಾಕ್ಟರು ಹೊರಗೆ ಬಂದು, ಕೂಸು ಮಂಕಾಗಿ ಎಷ್ಟು ಹೊತ್ತಾಯಿತು ಎಂದು ಹಿಂದಿಯಲ್ಲಿ ಕೇಳಿದಾಗ ಹಿಡಿದ ಕೈ ಅದು. 'ಇವತ್ತು ಬೆಳಿಗ್ಗೆಯಿಂದ ಡಾಕ್ಟರ್ ಸಾಹೇಬ್, ನಿನ್ನೆಯವರೆಗೂ ಚೆನ್ನಾಗಿತ್ತು' ಎಂದು ಪ್ರಭಾ ಹಿಂದಿಯಲ್ಲೇ ಹೇಳಿದ್ದಳು, ಹೇಳುವಾಗ ಚಂದ್ರಮ್ಮನ ಕೈ ಅದುಮಿದ್ದಳು. ಹಾಗಾದರೆ ಸಂಜೆಯವರೆಗೆ ದೀಪದ ಕೆಳಗಿಟ್ಟು ನೋಡೋಣ, ಇಳಿಯದಿದ್ದರೆ ಮೈಯ ರಕ್ತ ತೆಗೆದು ಬೇರೆ ರಕ್ತ ಹಾಕಬೇಕಾಗುತ್ತದೆ, ಅದು ಇಷ್ಟು ಸಣ್ಣ ಕೂಸಿಗೆ ದೊಡ್ಡ ಕೆಲಸ, ಸುಮ್ಮನೆ ಮಾಡುವುದಿಲ್ಲ ಎಂದು ಡಾಕ್ಟರು ಒಳಗೆ ಹೋದರು. ಇವತ್ತು ಬೆಳಿಗ್ಗೆಯಿಂದ ಎನ್ನುವುದು ಸುಳ್ಳು. ಅದು ಸುಳ್ಳೆಂದು ಪ್ರಭಾಳಿಗೆ ಅರ್ಧ ಗೊತ್ತು, ಚಂದ್ರಮ್ಮನಿಗೆ ಪೂರ್ತಿ ಗೊತ್ತು. ತನ್ನನ್ನು ಕಾಯಲು ಇವಳು ಯಾರು, ನಾನೇನು ಕದ್ದು ಸಿಕ್ಕಿಬಿದ್ದವಳೇ ಎಂದು ಅವಳಿಗೆ ಉರಿಯಿತು. ಆದರೆ ಪ್ರಭಾ ಆ ಮಾತು ಹೇಳಿದ ಕ್ಷಣ ಎದೆಯಲ್ಲಿ ಏನೋ ಹಗುರಾದದ್ದನ್ನು ಅವಳು ಹೇಗೆ ಇಲ್ಲವೆಂದಾಳು. ಆ ಹಗುರವೇ ಈಗ ಬಾಯಲ್ಲಿ ಕಹಿಯಾಗಿ ಕೂತಿತ್ತು.

'ಚಂದ್ರಕ್ಕ, ನೀ ಏನೂ ಮಾತಾಡಬ್ಯಾಡ' ಎಂದಳು ಪ್ರಭಾ, ಸಣ್ಣ ದನಿಯಲ್ಲಿ. 'ಚಂದನ್ ಮೊದಲ ಸಿಟ್ಟಿನ್ಯಾಗ ಅದಾನ. ಸುಮ್ನ ನಿನ್ನ ಹೆಸರ ಕೆಡತೈತಿ.'

'ನನ್ನ ಹೆಸರು!' ಎಂದಳು ಚಂದ್ರಮ್ಮ. ಸೌಜನ್ಯಾಳ ಗಂಡ ಚಂದನ್ ಇಳಿದು ಹೋದ ಲಿಫ್ಟಿನ ಕಡೆ ಮುಖ ತಿರುಗಿಸಿದಳು.

ಬೆಳಿಗ್ಗೆ ಎಂದಿನಂತೆ ಹಿಂಗಣಾ ರೋಡಿನ ತನ್ನ ಮನೆಯಿಂದ ಆಟೋ ಹತ್ತಿ, ಕಂಪನಿಗೆ ಹೋಗುವವರ ಬೈಕುಗಳ ಎದುರಿಗೆ ಬಂದು, ಪ್ರತಾಪ ನಗರದಲ್ಲಿಳಿದು ಪ್ರಭಾಳ ಫ್ಲ್ಯಾಟಿನ ಮೆಟ್ಟಿಲು ಹತ್ತಿದಾಗ ಬಾಗಿಲಲ್ಲಿ ಗುರುತಿಲ್ಲದ ಚಪ್ಪಲಿ ಇತ್ತು. ಒಳಗೆ ಬಾಣಂತಿಯ ಕೋಣೆಯಲ್ಲಿ ಮೂವತ್ತರ ಒಳಗಿನ ಒಬ್ಬ ಹುಡುಗಿ, ಕುತ್ತಿಗೆಗೆ ಗುರುತಿನ ಚೀಟಿ ಕಟ್ಟಿಕೊಂಡು, ತನ್ನ ಮನೆ ಎಂಬಂತೆ ಕಿಟಕಿಯ ಪರದೆ ಸರಿಸುತ್ತಿದ್ದಳು. ರಾಗಿಣಿ ಅಂತೆ, ಈ ಆಸ್ಪತ್ರೆಯಿಂದಲೇ ಹೆರಿಗೆಯಾದ ಮನೆಗಳಿಗೆ ಹೋಗಿ ಕೂಸು ನೋಡಿ ಬರುವ ನರ್ಸಂತೆ. ಐದನೆಯ ದಿನ ತೋರಿಸಬೇಕಾಗಿದ್ದ ಕೂಸನ್ನು ಯಾಕೆ ತಂದಿಲ್ಲ ಎಂದು ಕೇಳಲು ಬಂದವಳು. ಆ ಕೋಣೆಯನ್ನು ಚಂದ್ರಮ್ಮ ಮೂರನೆಯ ದಿನವೇ ತನ್ನ ಕೈಯಾರೆ ಸಿದ್ಧ ಮಾಡಿದ್ದಳು. ಕಿಟಕಿಗೆ ಎರಡು ಪರದೆ, ಅದರ ಮೇಲೆ ಒಂದು ಕೌದಿ. ಗಾಳಿ ತಾಗಬಾರದು, ಬಾಣಂತಿಗೆ ಬೆಳಕು ಚುಚ್ಚಬಾರದು. ಲೋಬಾನದ ಹೊಗೆ. ಕೂಸಿಗೆ ಹಳದಿ ಕುಂಚಿಗೆ, ಕಣ್ಣು ತುಂಬ ಕಾಡಿಗೆ. ಅದನ್ನೆಲ್ಲ ಆ ಹುಡುಗಿ ಎರಡು ನಿಮಿಷದಲ್ಲಿ ಕಿತ್ತು ಹಾಕಿದಳು. ಬಿಸಿಲು ಕೋಣೆಯೊಳಕ್ಕೆ ಬಿದ್ದಿತು. ಚಂದ್ರಮ್ಮ ಮರಾಠಿಯಲ್ಲಿ, 'ಏ ಬಾಯಿ, ಹಸಿ ಬಾಣಂತಿ ಅದಾಳ, ಕಿಟಕಿ ಹಾಕು' ಎಂದು ಗದರಿದಳು. ರಾಗಿಣಿ ತಿರುಗಿಯೂ ನೋಡಲಿಲ್ಲ. ಕೂಸನ್ನು ಬಾಲ್ಕನಿಗೆ ಒಯ್ದಳು, ಒದ್ದೆ ಹತ್ತಿಯಿಂದ ಅದರ ಹಣೆ ಒರೆಸಿದಳು. ಹತ್ತಿ ಹಳದಿಯಾಯಿತು. ಮತ್ತೊಂದು ಹತ್ತಿ. ಮತ್ತೊಂದು. ನಾಲ್ಕನೆಯ ಹತ್ತಿ ಬಿಳಿಯಾಗಿಯೇ ಉಳಿಯಿತು. ಆಮೇಲೆ ಹೆಬ್ಬೆರಳಿನಿಂದ ಹಣೆ ಒತ್ತಿ ಬಿಟ್ಟಳು. ಒತ್ತಿದ ಜಾಗ ಹಳದಿ. ಎದೆ ಒತ್ತಿದಳು, ಹಳದಿ. ಹೊಟ್ಟೆ, ತೊಡೆ, ಅಂಗಾಲು. ಅಂಗಾಲಿನ ಕೆಳಗೂ ಕಿತ್ತಳೆಯ ಸಿಪ್ಪೆಯಂಥ ಹಳದಿ.

'ಇದಕ್ಕೆ ದಿನಾ ಅರಿಶಿನ ಹಚ್ಚುವವರು ಯಾರು?' ಎಂದು ಕೇಳಿದಳು ರಾಗಿಣಿ.

ಸೌಜನ್ಯಾ ಚಂದ್ರಮ್ಮನ ಕಡೆ ನೋಡಿದಳು. ಆ ನೋಟ ಹೋದ ದಾರಿಯಲ್ಲೇ ರಾಗಿಣಿಯ ನೋಟವೂ ಬಂತು.

'ಅಚ್ಛಾ, ಮಾಲಿಶ್‌ವಾಲಿ' ಎಂದಳು. ಬೈಯಲಿಲ್ಲ, ನಗಲಿಲ್ಲ. ಫಾರಮ್ಮಿನಲ್ಲಿ ಬರೆದುಕೊಳ್ಳುವವಳ ಹಾಗೆ ಹೇಳಿದಳು. ಬೈದಿದ್ದರೆ ಚಂದ್ರಮ್ಮ ನಾಲ್ಕು ಮಾತು ತಿರುಗಿ ಬೈದು ನಿರಾಳವಾಗುತ್ತಿದ್ದಳು.

ಕಡಲೆಹಿಟ್ಟು, ಅರಿಶಿನ, ಒಂದು ಚಮಚ ಹಾಲಿನ ಕೆನೆ. ನೂರಾ ಹತ್ತಕ್ಕೂ ಹೆಚ್ಚು ಕೂಸುಗಳ ಮೈಗೆ ಅದನ್ನು ತಿಕ್ಕಿದ್ದಾಳೆ. ಯಾವ ಕೂಸಿಗೂ ಒಂದು ಗುಳ್ಳೆ ಎದ್ದಿಲ್ಲ. ಎಷ್ಟೋ ಕೂಸುಗಳಿಗೆ ಮೂರನೆಯ ದಿನ ಮುಖ ಹಳದಿಯಾಗುತ್ತದೆ, ಎಳೆಬಿಸಿಲು ತೋರಿಸಿದರೆ ವಾರದಲ್ಲಿ ಹೋಗುತ್ತದೆ. ಇದೂ ಅವಳಿಗೆ ಗೊತ್ತು. ಗೊತ್ತಿದ್ದದ್ದೇ ಕೆಡಿಸಿತು. ಕಾಣದ ಹಾಗೆ ಎಲ್ಲವನ್ನೂ ತಾನೇ ಮಾಡಿಟ್ಟಿದ್ದಳಲ್ಲ. ಕತ್ತಲೆ ಕೋಣೆ, ಹಳದಿ ಬಟ್ಟೆ, ಕಣ್ಣ ತುಂಬ ಕಪ್ಪು, ಮೈತುಂಬ ಅರಿಶಿನ. ಇಷ್ಟೆಲ್ಲ ಮಾಡಿ, ಮೇಲೆ ನಾನು ನೋಡಿದ್ದೀನಿ, ಕೂಸು ಚಲೋ ಐತಿ ಎಂದು ಹೇಳಿದ್ದಳು. ಯಾವ ಕಣ್ಣಿನಿಂದ ನೋಡಿದ್ದಳು? ಇದನ್ನು ಮೂವತ್ತೊಂದು ವರ್ಷದಲ್ಲಿ ಒಬ್ಬ ಡಾಕ್ಟರಾದರೂ ತನಗೆ ಹೇಳಿಕೊಟ್ಟನೇ? ದವಾಖಾನೆಯ ಗೋಡೆಯ ಮೇಲೆ ಇಂಗ್ಲಿಷಿನಲ್ಲಿ, ಮರಾಠಿಯಲ್ಲಿ ಏನೇನೋ ಬರೆದು ಅಂಟಿಸುತ್ತಾರೆ. ಅವಳು ಊರ ಸಾಲೆಯಲ್ಲಿ ಆರನೆಯ ಇಯತ್ತೆಯವರೆಗೆ ಓದಿದ್ದು ಕನ್ನಡ. ಕೂಸು ಹುಟ್ಟಿದ ಮನೆಗೆ ಅವಳು ಹೋಗುತ್ತಾಳೆಂದು ಎಲ್ಲರಿಗೂ ಗೊತ್ತು, ಅವಳನ್ನು ಕರೆದು ಕೂರಿಸಿ, ನೋಡಮ್ಮ, ಹೀಗೆ ಹೆಬ್ಬೆರಳಿನಿಂದ ಒತ್ತಿ ನೋಡು ಎಂದು ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಈಗ ಕೇಳುತ್ತಾರೆ, ಹಚ್ಚಿದವರು ಯಾರು ಎಂದು. ಹೀಗೆ ಅವಳ ಸಿಟ್ಟು ಊರೆಲ್ಲ ತಿರುಗಿತು; ಆದರೆ ಎಲ್ಲಿ ತಿರುಗಿದರೂ ಪ್ರಭಾಳ ಮನೆಯ ಫ್ರಿಜ್ಜಿನ ಹತ್ತಿರ ಬಂದು ನಿಲ್ಲುತ್ತಿತ್ತು. ಅಲ್ಲಿ ಆಸ್ಪತ್ರೆಯವರು ಕೊಟ್ಟ ಕಾಗದವನ್ನು ಅಂಟಿಸಿದ್ದರು. ಐದನೆಯ ದಿನ ಕೂಸನ್ನು ತಂದು ತೋರಿಸಿ ಎಂದು ಅದರಲ್ಲಿತ್ತು. ಚಂದ್ರಮ್ಮ ಅದನ್ನು ಓದಲಾರದಿದ್ದರೂ ಸೌಜನ್ಯಾ ಓದಿ ಹೇಳಿದ್ದಳು.

'ಐದೇಶಿ ಆಗೂತನಕಾ ಕೂಸಿನ್ನ ಹೊಸ್ತಲಾ ದಾಟಸೂದಿಲ್ಲ' ಎಂದಿದ್ದಳು ಚಂದ್ರಮ್ಮ. ಐದನೆಯ ದಿನ ಸಂಜೆ ಪೂಜೆಯಾಗಬೇಕು, ಅಲ್ಲಿಯವರೆಗೆ ಕೂಸು ಹೊರಗೆ ಹೋಗಬಾರದು. ಇದು ಅವಳ ತಾಯಿಯಿಂದ ಬಂದದ್ದು. 'ಡಾಕ್ಟರ್ ಎಲ್ಲಿ ಓಡಿಹೋಗತಾನ? ಮರುದಿನ ಹೋದ್ರಾತು.' ಮರುದಿನ ಅಮಾವಾಸ್ಯೆ. 'ಅಮಾಸಿ ದಿನ ಯಾರರೆ ಹಸಗೂಸು ಹೊರಗ ಒಯ್ತಾರೇನವಾ? ನಾಳೆ ಹೋಗ್ರಿ.'

'ಮೌಶಿ, ಕೂಸು ಹಾಲು ಬರೋಬರ್ ಕುಡಿಯವಲ್ದು' ಎಂದಿದ್ದಳು ಸೌಜನ್ಯಾ, ಅಮಾವಾಸ್ಯೆಯ ದಿನವೇ. 'ಬಾಯಾಗ ಇಟ್ರ ಹಂಗ ನಿದ್ದಿ ಮಾಡತೈತಿ. ನಾ ಗೂಗಲ್‌ನ್ಯಾಗ ನೋಡಿದೆ, ಅದರಾಗ...'

'ನಿನ್ನ ಗೂಗಲ್ ಎಷ್ಟ ಕೂಸಿಗೆ ನೀರ ಹಾಕೇತವಾ?' ಎಂದು ಚಂದ್ರಮ್ಮ ಕೇಳಿದಾಗ ಪ್ರಭಾ ಬಿದ್ದು ಬಿದ್ದು ನಕ್ಕಿದ್ದಳು. ಸೌಜನ್ಯಾಳೂ ನಕ್ಕಿದ್ದಳು. ಚಂದನ್ ಮಾತ್ರ ಬಾಗಿಲಲ್ಲಿ ನಿಂತು, 'ಇಲ್ಲ ಆಂಟಿ, ಒಂದ್ಸಲ ತೋರಿಸಿಬಿಡೋಣ ಅಂತ' ಎಂದು ಅರ್ಧಕ್ಕೆ ನಿಲ್ಲಿಸಿದ್ದ. ಅವನ ಮೈಸೂರು ಕನ್ನಡ ಅವಳಿಗೆ ಯಾವಾಗಲೂ ಸರ್ಕಾರಿ ನೋಟೀಸಿನಂತೆ ಕೇಳುತ್ತಿತ್ತು. 'ಶಾಣ್ಯಾ ಕೂಸು ಅದು. ಅಳೂದಿಲ್ಲ, ಕಾಡೂದಿಲ್ಲ. ಇವರಪ್ಪನ ಹಂಗ ಸುಮ್ನ ಇರತೈತಿ ನೋಡು' ಎಂದು ಅವನನ್ನೂ ನಗಿಸಿ ಕಳಿಸಿದ್ದಳು. ನಗಿಸುವುದು ಅವಳಿಗೆ ಗೊತ್ತಿತ್ತು. ಹೆದರಿದ ಹುಡುಗಿಯರ ಮನೆಯಲ್ಲಿ ಅದು ಅರ್ಧ ಔಷಧ. ಆ ಅರ್ಧ ಔಷಧವನ್ನು ಅವಳು ಅಮಾವಾಸ್ಯೆಯ ದಿನ ತನ್ನ ಹೆದರಿಕೆಗೇ ಕುಡಿಸಿದ್ದಳು.

ಹೆದರಿದ್ದಳು, ಹೌದು. ಈ ಸ್ಟೀಲಿನ ಕುರ್ಚಿಯ ಮೇಲೆ ಅದನ್ನು ಒಪ್ಪಿಕೊಳ್ಳುವುದು ಹಲ್ಲು ಕೀಳಿಸಿಕೊಂಡಂತಿತ್ತು. ನಾಲ್ಕನೆಯ ದಿನ ಎಣ್ಣೆ ಹಚ್ಚುವಾಗ ಅಂಗಾಲಿನ ಮೇಲೆ ಹೆಬ್ಬೆರಳು ಎಳೆದಳು. ಯಾವ ಕೂಸೇ ಆಗಲಿ, ಕಚ್ಚಿಸಿಕೊಂಡಂತೆ ಕಾಲು ಹಿಂದಕ್ಕೆಳೆದುಕೊಳ್ಳುತ್ತದೆ. ಇದು ಎಳೆದುಕೊಂಡಿತು, ಆದರೆ ತಡವಾಗಿ, ಯಾರೋ ಹೇಳಿದ ಮೇಲೆ ನೆನಪಾದಂತೆ. ಐದನೆಯ ದಿನ ನೆತ್ತಿಯ ಮೇಲೆ ನೀರು ಬಿದ್ದಾಗ ಬಾಯಿ ತೆರೆಯಿತು. ದನಿ ಬಂದದ್ದು ತೆಳ್ಳಗೆ, ಎತ್ತರಕ್ಕೆ, ತನಗೆ ಪರಿಚಯವಿಲ್ಲದ ದನಿ. ಆರನೆಯ ದಿನ, ಅಂದರೆ ನಿನ್ನೆ, ಬೆನ್ನು ತೊಳೆಯಲೆಂದು ಕಾಲ ಮೇಲೆ ಬೋರಲು ಹಾಕಿದಾಗ ಕೂಸಿನ ಕುತ್ತಿಗೆ ಹಿಂದಕ್ಕೆ ಬಾಗಿತು, ಬೆನ್ನು ಬಿಲ್ಲಾಯಿತು, ಮುಷ್ಟಿ ಬಿಗಿಯಿತು. ಅವಳು ತಂಬಿಗೆಯನ್ನು ಗಾಳಿಯಲ್ಲಿ ಹಿಡಿದು ಕೂತುಬಿಟ್ಟಳು. ಮೂವತ್ತೊಂದು ವರ್ಷದಲ್ಲಿ ಅವಳ ಕಾಲ ಮೇಲೆ ಯಾವ ಕೂಸೂ ಹಾಗೆ ಮಾಡಿರಲಿಲ್ಲ. ಐದೋ ಆರೋ ಎಣಿಕೆಯಷ್ಟು ಹೊತ್ತು. ಮತ್ತೆ ಮೈ ಸಡಿಲಾಯಿತು. ಪಕ್ಕದಲ್ಲಿ ಟಾವೆಲ್ ಹಿಡಿದು ನಿಂತ ಪ್ರಭಾ, 'ಏನಾತ ಚಂದ್ರಕ್ಕ?' ಎಂದಳು. 'ಏನಿಲ್ಲವಾ, ಮೈ ಮುರೀತೈತಿ. ಬೆಳ್ಯಾಕತ್ತೇತಿ' ಎಂದಿದ್ದಳು ಚಂದ್ರಮ್ಮ. ಯಾಕೆ ಹಾಗಂದಳು? ಕೇಳಿದ ತಕ್ಷಣ ಉತ್ತರ ಕೊಟ್ಟು ಕೊಟ್ಟು ಬಾಯಿಗೆ ರೂಢಿಯಾಗಿತ್ತು. ಪ್ರಭಾಳಂಥ ಓದಿದವಳು, ಬ್ಯಾಂಕಿನವಳು, ತನ್ನ ಬಾಯಿಯನ್ನೇ ನೋಡುತ್ತ ನಿಂತಿರುವಾಗ, ಇದು ನಾನು ನೋಡಿದ್ದಲ್ಲ, ಇದೇನೋ ನನಗೆ ತಿಳಿಯುತ್ತಿಲ್ಲ ಎಂದು ಹೇಗೆ ಅಂದಾಳು? ಅಂದರೆ ಮರುದಿನದಿಂದ ಅವಳು ಯಾರು? ಫಿಟ್ಟರ್ ಗುರುಸಿದ್ದಪ್ಪನ ಹೆಂಡತಿ. ಕನ್ನಡ ಸಂಘದ ಊಟದಲ್ಲಿ ಪಲ್ಯ ಬಡಿಸಲು ಕರೆಯುವ ಹೆಂಗಸು. ಕೂಸನ್ನು ಒರೆಸಿ, ಕಾಡಿಗೆ ಹಚ್ಚಿ, ಅರಿಶಿನ ಹಚ್ಚಿ, ಸೌಜನ್ಯಾಳ ಮಗ್ಗುಲಿಗೆ ಮಲಗಿಸಿ ಅವಳು ಹಿಂಗಣಾ ರೋಡಿಗೆ ವಾಪಸು ಹೋದಳು, ರೊಟ್ಟಿ ಬಡಿದಳು, ಉಂಡಳು. ರೊಟ್ಟಿ ಗಂಟಲಲ್ಲಿ ಇಳಿಯಿತು ಎನ್ನುವುದನ್ನು ನೆನೆದರೆ ಈಗ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನಿಸುತ್ತಿತ್ತು.

ಲಿಫ್ಟಿನ ಬಾಗಿಲು ತೆರೆದು ಚಂದನ್ ಬಂದ. ರಕ್ತದ ಬಾಟಲಿ ಬೇಕಾದರೆ ಎಲ್ಲಿಂದ ತರಬೇಕೆಂದು ಕೇಳಿಕೊಂಡು ಬಂದಿದ್ದ. ಅವನು ಚಂದ್ರಮ್ಮನನ್ನು ನೋಡಲಿಲ್ಲ. ನೋಡದೆ ಇರುವುದಕ್ಕೆ ಅವನು ಕಷ್ಟಪಡುತ್ತಿದ್ದುದು ಕಾಣುತ್ತಿತ್ತು. ಅತ್ತೆಗೆ, 'ರಿಪೋರ್ಟ್ ಬಂತಂತೆ. ಸೌಜನ್ಯಂದು ಓ, ಮಗುದು ಬಿ. ಅದ್ರಿಂದಾನೇ ಇಷ್ಟು ಬೇಗ ಏರಿದೆ. ಇನ್ನೂ ನೋಡ್ತಾರಂತೆ ಸಂಜೆವರ್ಗೂ' ಎಂದ.

'ಅಂದ್ರ ಇದು ರಕ್ತದ್ದು' ಎಂದಳು ಪ್ರಭಾ, ಆಸೆಯಿಂದ. 'ಚಂದ್ರಕ್ಕ, ಕೇಳಿದೇನ? ಅರಿಷಿಣದ್ದಲ್ಲಂತ.'

ಇದು ರಕ್ತದ ಗುಂಪಿನಿಂದ ಬಂದದ್ದು. ತನ್ನ ಕೈಯಿಂದ ಬಂದದ್ದಲ್ಲ. ಚಂದ್ರಮ್ಮನಿಗೆ ಎದ್ದು ಮನೆಗೆ ಹೋಗಬಹುದು ಎನಿಸಿತು. ಬಾಗಿಲು ತೆರೆದೇ ಇದೆ, ಎಲ್ಲರೂ ಅವಳನ್ನು ಅದರತ್ತ ಮೆಲ್ಲಗೆ ತಳ್ಳುತ್ತಿದ್ದಾರೆ. ಸಂಜೆವರೆಗೂ ನೋಡುತ್ತಾರೆ. ಸಂಜೆ ಎಂದರೆ ಇನ್ನೂ ಏಳು ತಾಸು. ಯಾವ ಮಾತಿನ ಮೇಲೆ ನೋಡುತ್ತಾರೆ? ಇವತ್ತು ಬೆಳಿಗ್ಗೆಯಿಂದ ಎಂಬ ಮಾತಿನ ಮೇಲೆ. ಬಿಲ್ಲಿನಂತೆ ಬಾಗಿದ ಆ ಬೆನ್ನು ಒಳಗಿನ ಯಾವ ಯಂತ್ರದಲ್ಲೂ ಬರೆದಿಲ್ಲ, ಯಾವ ರಿಪೋರ್ಟಿನಲ್ಲೂ ಬರುವುದಿಲ್ಲ. ಅದು ಇರುವುದು ಈ ಎರಡು ಕಾಲುಗಳ ಮೇಲೆ ಮಾತ್ರ. ಇದು ಹೊಳೆದದ್ದೇ ಅವಳಿಗೆ ಎಂಥ ಸಿಟ್ಟು ಬಂತೆಂದರೆ, ಪ್ರಭಾಳ ಕೈಯನ್ನು ಕಿತ್ತು ಬಿಸಾಕಿ ಎದ್ದಳು. ಯಾರ ಮೇಲೆ ಸಿಟ್ಟು ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಬೆಳಿಗ್ಗೆ ಇವರನ್ನೆಲ್ಲ ಆಸ್ಪತ್ರೆಗೆ ಹೊರಡಿಸಿ ತಂದ ರಾಗಿಣಿ ವಾರ್ಡಿನ ಬಾಗಿಲ ಪಕ್ಕದ ಮೇಜಿನಲ್ಲಿ ಏನೋ ಬರೆಯುತ್ತ ಕೂತಿದ್ದಳು.

'ಏ ಬಾಯಿ, ಡಾಕ್ಟರನ್ನ ಕರಿ' ಎಂದಳು ಚಂದ್ರಮ್ಮ ಮರಾಠಿಯಲ್ಲಿ.

'ಆಜಿ, ಕೂತುಕೊಳ್ಳಿ. ಡಾಕ್ಟರು ಒಳಗಿದ್ದಾರೆ.'

'ಕೂತು ಕೂತು ಸಾಕಾಗೇತಿ. ಮಾಲಿಶ್‌ವಾಲಿ ಕರೀತಾಳ ಅಂತ ಹೇಳು. ಕೂಸಿನ ವಿಷಯ ಐತಿ, ಅವಳಿಗಷ್ಟೇ ಗೊತ್ತೈತಿ ಅಂತ ಹೇಳು.'

ರಾಗಿಣಿ ಪೆನ್ನು ಕೆಳಗಿಟ್ಟಳು. ಒಂದು ಗಳಿಗೆ ಅವಳ ಮುಖ ನೋಡಿದಳು. ಎದ್ದು ಒಳಗೆ ಹೋದಳು.

ಡಾಕ್ಟರ್ ಅನಿರುದ್ಧ ನಲವತ್ತರ ಆಸುಪಾಸಿನವರು, ಗಡ್ಡ ಬೋಳಿಸಿ ಎರಡು ದಿನವಾಗಿತ್ತು. ಚಂದ್ರಮ್ಮ ಹಿಂದಿಯಲ್ಲಿ ಶುರು ಮಾಡಿ ಮರಾಠಿಗೆ ಹೋಗಿ, ಎರಡರಲ್ಲೂ ಸಿಗದ ಮಾತಿಗೆ ಕನ್ನಡ ಹಾಕಿ ಹೇಳಿದಳು. ನಾಲ್ಕನೆಯ ದಿನದ ಕಾಲು. ಐದನೆಯ ದಿನದ ದನಿ. ನಿನ್ನೆಯ ಬೆನ್ನು. ಬೆನ್ನಿನ ವಿಷಯ ಬಂದಾಗ ಡಾಕ್ಟರರ ಮುಖ ಬದಲಾಯಿತು.

'ಹೇಗೆ ಬಾಗಿತು? ತೋರಿಸಿ.'

ಅವಳು ಹೇಗೆ ತೋರಿಸಬೇಕೆಂದು ತಿಳಿಯದೆ ಸುತ್ತ ನೋಡಿದಳು. ಪ್ರಭಾಳ ಚೀಲದಿಂದ ಕೂಸಿನ ಟಾವೆಲ್ ಕಸಿದುಕೊಂಡು, ಸುರುಳಿ ಸುತ್ತಿ, ಅರವತ್ತು ವರ್ಷದ ಮಂಡಿಯನ್ನು ಮಡಚಿ ಎಲ್ಲರೆದುರು ಆಸ್ಪತ್ರೆಯ ನೆಲದ ಮೇಲೆ ಕಾಲು ಚಾಚಿ ಕೂತುಬಿಟ್ಟಳು. ಕೂಸನ್ನು ಹಾಕಿಕೊಳ್ಳುವಂತೆಯೇ ಟಾವೆಲನ್ನು ಕಾಲ ಮೇಲೆ ಬೋರಲು ಹಾಕಿದಳು. ಕಾಯುತ್ತ ಕೂತಿದ್ದ ಬೇರೆ ಕೂಸುಗಳ ಅಪ್ಪಂದಿರು ನೋಡುತ್ತಿದ್ದರು, ಒಬ್ಬ ಫೋನಿನಿಂದ ತಲೆಯೆತ್ತಿ ನೋಡುತ್ತಿದ್ದ. 'ತಲಿ ಇಲ್ಲೆ. ಇದು ಹಿಂಗ ಹ್ವಾತು. ಹಿಂದಕ್ಕ. ಕೈ ಹಿಂಗ, ಬಿಗಿ' ಎಂದು ಸುರುಳಿಯನ್ನು ಹಿಂದಕ್ಕೆ ಬಾಗಿಸಿ ಹಿಡಿದಳು.

'ಎಷ್ಟು ಹೊತ್ತು?'

'ಒಂದು, ಎರಡು, ಮೂರು...' ಎಂದು ಆರರವರೆಗೆ ಎಣಿಸಿದಳು. 'ನಿನ್ನೆ ಮುಂಜಾನೆ ಒಂಬತ್ತರ ಸುಮಾರಿಗೆ.'

ಡಾಕ್ಟರು ಬೈಯಲಿಲ್ಲ. ಫೈಲಿನಲ್ಲಿ ಬರೆದುಕೊಂಡರು. ಯಾಕೆ ಬೈಯುವುದಿಲ್ಲ ಇವನು ಎಂದು ಅವಳಿಗೆ ರೋಷ ಉಕ್ಕಿತು. ಏಳು ಊರು ಕೇಳುವ ಹಾಗೆ ಬೈಯಲಿ, ನಿನ್ನಂಥವಳಿಂದ ಕೂಸುಗಳು ಸಾಯುತ್ತವೆ ಎನ್ನಲಿ, ಆಗ ತಾನೂ ಒಂದು ಮಾತು ಆಡಬಹುದು. ಅವರು ಪ್ರಭಾಳ ಕಡೆಯೂ ನೋಡಲಿಲ್ಲ. 'ಸಂಜೆವರೆಗೆ ಕಾಯುವ ಹಾಗಿಲ್ಲ. ರಕ್ತ ಬದಲಿಸಬೇಕು, ಈಗಲೇ. ತಂದೆ ಯಾರು? ಬನ್ನಿ, ಸಹಿ ಮಾಡಿ' ಎಂದರು.

ಚಂದನ್ ಸಹಿ ಮಾಡಿದ. ಕಾಗದವನ್ನು ರಾಗಿಣಿಯ ಕೈಗೆ ಕೊಟ್ಟ. ಆಮೇಲೆ ತಿರುಗಿದ.

'ನಿನ್ನೆ ಒಂಬತ್ತು ಗಂಟೆಗೆ ನಾನು ಮನೇಲೇ ಇದ್ದೆ, ಆಂಟಿ. ಮುಂದಿನ ರೂಮಲ್ಲೇ. ಗಾಡಿ ಕೆಳಗಡೇನೇ ನಿಂತಿತ್ತು.' ಅವನ ದನಿ ಏರಲಿಲ್ಲ. 'ಒಂದು ಮಾತು ಹೇಳಿದ್ರೆ ಸಾಕಾಗಿತ್ತು. ನಂಗೊತ್ತಾಗ್ತಿಲ್ಲ ಕಣಪ್ಪಾ, ಕರ್ಕೊಂಡ್ ಹೋಗು ಅಂತ.'

'ಚಂದನ್' ಎಂದಳು ಪ್ರಭಾ.

'ನೀವು ಸುಮ್ನಿರಿ ಅತ್ತೆ. ನೀವು ಡಾಕ್ಟ್ರಿಗೆ ಸುಳ್ಳು ಹೇಳಿದ್ರಿ.'

ಚಂದ್ರಮ್ಮ ನೆಲದ ಮೇಲೆಯೇ ಇದ್ದಳು. ಏಳಲು ಯಾರೂ ಕೈ ಕೊಡಲಿಲ್ಲ. ಕುರ್ಚಿಯ ಕಾಲು ಹಿಡಿದು ಎದ್ದಳು. ಹೇಳಿದ್ದಾಯಿತಲ್ಲ, ಈಗ ಹಗುರಾಗಬೇಕಿತ್ತು. ಆಗಲಿಲ್ಲ. ಹೇಳಿದರೆ ಹಗುರಾಗುತ್ತದೆಂದು ಅಂದವರು ಯಾರೋ, ಅವರ ಮೇಲೂ ಸಿಟ್ಟು ಬಂತು.

ಎರಡು ಗಂಟೆಗಿಂತ ಹೆಚ್ಚೇ ಹಿಡಿಯಿತು. ಕಿಟಕಿಯ ಆಚೆ ಬಿಸಿಲು ಬೆಳೆಯಿತು, ಯಾರೋ ಕೆಳಗೆ ಕಿತ್ತಳೆ ಮಾರುತ್ತಿದ್ದ. ಪ್ರಭಾ ಎರಡು ಕುರ್ಚಿ ಆಚೆ ಹೋಗಿ ಕೂತಳು. ಚಹಾ ತಂದ ಚಂದನ್ ಎರಡೇ ಲೋಟ ತಂದ. ಚಂದ್ರಮ್ಮ ಹೋಗಲಿಲ್ಲ. ಹೋಗಲು ಎರಡು ಸಲ ಎದ್ದಳು, ಎರಡು ಸಲವೂ ಲಿಫ್ಟಿನವರೆಗೆ ಹೋಗಿ ಬಂದಳು. ಇವರು ನನ್ನನ್ನು ಹೊರಗೆ ಹಾಕಲಿ ಬೇಕಾದರೆ, ತಾನಾಗಿ ಓಡಿದಳು ಎಂದು ಮಾತ್ರ ಆಗಬಾರದು. ಗುರುಸಿದ್ದಪ್ಪ ಫೋನು ಮಾಡಿ, ಊಟಕ್ಕೆ ಬರುತ್ತೀಯೋ ಇಲ್ಲವೋ ಎಂದು ಕೇಳಿದ. 'ನೀ ಉಣ್ಣು' ಎಂದು ಇಟ್ಟಳು.

ಡಾಕ್ಟರು ಬಂದಾಗ ಮೂವರೂ ಎದ್ದು ನಿಂತರು. ರಕ್ತ ಬದಲಿಸಿಯಾಯಿತು, ಕೂಸು ತಡೆದುಕೊಂಡಿದೆ, ಕಾಮಾಲೆಯ ಮಟ್ಟ ಅರ್ಧದಷ್ಟು ಇಳಿದಿದೆ ಎಂದರು. ಪ್ರಭಾ ಕೈ ಮುಗಿದಳು. 'ಅಂದರೆ ಇನ್ನು ಏನೂ ಆಗುವುದಿಲ್ಲ ಅಲ್ಲವಾ ಡಾಕ್ಟರ್? ಮಿದುಳಿಗೆ?'

'ಅದನ್ನು ಈಗ ಹೇಳಲಿಕ್ಕೆ ಆಗುವುದಿಲ್ಲ' ಎಂದರು ಡಾಕ್ಟರು. 'ಕಿವಿ ಕೇಳುತ್ತದೋ ಇಲ್ಲವೋ ಪರೀಕ್ಷೆ ಮಾಡಬೇಕು. ಕುತ್ತಿಗೆ ನಿಲ್ಲುವುದು, ಕೈಕಾಲು ಆಡಿಸುವುದು, ಎಲ್ಲ ತಿಂಗಳು ತಿಂಗಳು ನೋಡಬೇಕು. ನನಗೂ ಗೊತ್ತಿಲ್ಲ.'

ನನಗೂ ಗೊತ್ತಿಲ್ಲ. ಎಷ್ಟು ಸಲೀಸಾಗಿ ಅಂದುಬಿಟ್ಟ! ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡ ಹಾಗೆ. ಅಂದ ಮೇಲೂ ಅವನು ಡಾಕ್ಟರೇ. ಪ್ರಭಾ ಅವನಿಗೆ ಮತ್ತೊಮ್ಮೆ ಕೈ ಮುಗಿದಳು, ಚಂದನ್ ಥ್ಯಾಂಕ್ಯೂ ಅಂದ, ಯಾರೂ ಅವನನ್ನು ನಿನ್ನ ಓದು ಏನು ಮಾಡಿತು ಎಂದು ಕೇಳಲಿಲ್ಲ. ಆ ಎರಡು ಮಾತು ಆಡಲು ಅವನಿಗೆ ಸರ್ಕಾರ ಲೈಸೆನ್ಸ್ ಕೊಟ್ಟಿದೆ. ತನಗೆ ಅದನ್ನು ಆಡಲು ಯಾರು ಬಿಟ್ಟಿದ್ದರು? ಚಂದ್ರಕ್ಕ, ಕೂಸು ಯಾಕ ಬಿಕ್ಕತೈತಿ. ಚಂದ್ರಮ್ಮಾರ, ಕೂಸಿಗೆ ಯಾಕ ಹಸಿರ ಸಂಡಾಸ. ಉತ್ತರ ತಡವಾದರೆ ಮುಖ ಸಣ್ಣ ಮಾಡುತ್ತಿದ್ದರು. ಬಿಡಲಿಲ್ಲ ಎನ್ನುವುದು ನಿಜ. ಆದರೆ ತಾನು ಒಂದು ಸಲವಾದರೂ ಅಂದು ನೋಡಿದ್ದಳೇ? ಸಿಟ್ಟು ಅಲ್ಲಿಗೆ ಬಂದು ತಿರುಗಲು ಜಾಗವಿಲ್ಲದೆ ನಿಂತಿತು.

ಲಿಫ್ಟು ತೆರೆಯಿತು. ಎರಡನೆಯ ಮಹಡಿಯ ಕೋಣೆಯಲ್ಲಿ ಮಲಗಿಸಿದ್ದ ಸೌಜನ್ಯಾಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಆಯಾ ಬಂದಳು. ಕೂಸಿಗೆ ಹಾಲು ಹಿಂಡಿ ಕೊಡಬೇಕಂತೆ. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿತ್ತು, ಮುಖ ಊದಿತ್ತು. ಅವಳಿಗೆ ಗಂಡ ಎಲ್ಲವನ್ನೂ ಫೋನಿನಲ್ಲಿ ಹೇಳಿದ್ದಾನೆಂದು ಕಣ್ಣಿನಲ್ಲೇ ಗೊತ್ತಾಗುತ್ತಿತ್ತು. ಚಂದ್ರಮ್ಮ ಗೋಡೆಯ ಕಡೆ ಸರಿದಳು. ಹಾಗೇ ಮುಂದೆ ಹೋಗುತ್ತಾಳೆ, ಹೋಗಲಿ ಎಂದುಕೊಂಡಳು. ಆದರೆ ಸೌಜನ್ಯಾ ಚಕ್ರದ ಮೇಲೆ ಕೈಯಿಟ್ಟು ಕುರ್ಚಿಯನ್ನು ನಿಲ್ಲಿಸಿದಳು. ತಾಯಿಯನ್ನೂ ಗಂಡನನ್ನೂ ದಾಟಿ ಅವಳನ್ನೇ ನೋಡಿದಳು.

'ಮೌಶಿ' ಎಂದಳು. 'ಡಾಕ್ಟರ್ ಏನೂ ಹೇಳವಲ್ರು. ನೀ ಹೇಳು. ನೀ ಇಷ್ಟ ಕೂಸು ನೋಡೀದಿ. ನನ್ನ ಕೂಸು ಚಲೋ ಆಗತೈತಿಲ್ಲ? ಎಲ್ಲಾರಗತೆ ಆಗತೈತಿಲ್ಲ?'

ಬೈಗುಳಕ್ಕೆ ಸಿದ್ಧವಾಗಿ ನಿಂತಿದ್ದವಳಿಗೆ ಇದು ಬೈಗುಳಕ್ಕಿಂತ ಕೆಟ್ಟದ್ದಾಗಿತ್ತು. ಆ ಹುಡುಗಿ ಇಷ್ಟಾದ ಮೇಲೂ ಕೈ ಚಾಚಿ ನಿಂತಿದ್ದಾಳೆ. ಕೊಡಲು ಏನು ಕಷ್ಟ? ನಾಲಗೆಯ ತುದಿಯಲ್ಲೇ ಇತ್ತು: ಆಗತೈತವಾ, ಯಾಕ ಆಗೂದಿಲ್ಲ, ನಾ ಹೇಳಾಕತ್ತೀನಿ ನೋಡು. ಅಷ್ಟು ಅಂದರೆ ಅವಳು ಕಣ್ಣೊರೆಸಿಕೊಂಡು ಹಾಲು ಹಿಂಡಲು ಹೋಗುತ್ತಾಳೆ. ಪ್ರಭಾ ಕೂಡ ಅವಳ ಬಾಯಿಯನ್ನೇ ನೋಡುತ್ತಿದ್ದಳು, ಅನ್ನು ಚಂದ್ರಕ್ಕ, ಅಂದುಬಿಡು ಎನ್ನುವಂತೆ. ನಿನ್ನೆ ಟಾವೆಲ್ ಹಿಡಿದು ನಿಂತಾಗಲೂ ಹೀಗೇ ನೋಡಿದ್ದಳು.

'ನನಗ ಗೊತ್ತಿಲ್ಲವಾ ಸೌಜಿ' ಎಂದಳು ಚಂದ್ರಮ್ಮ.

ಸೌಜನ್ಯಾ ಕೇಳಿಸಲಿಲ್ಲವೆನ್ನುವಂತೆ ಕಣ್ಣು ಮಿಟುಕಿಸಿದಳು. ಆಮೇಲೆ ಅವಳ ಮುಖ ಒಂದೇ ಸಲಕ್ಕೆ ಕೆಂಪಾಯಿತು.

'ಗೊತ್ತಿಲ್ಲ? ಈಗ ಗೊತ್ತಿಲ್ಲ ಅಂತೀ? ನಿನ್ನಿ ಎಲ್ಲಾ ಗೊತ್ತಿತ್ತಲಾ ನಿನಗ! ಶಾಣ್ಯಾ ಕೂಸು ಅಂದಿ. ಗೂಗಲ್ ಎಷ್ಟ ಕೂಸಿಗೆ ನೀರ ಹಾಕೇತಿ ಅಂದಿ. ನಿನ್ನಿ ಗೊತ್ತಿತ್ತು, ಇವತ್ತ ಗೊತ್ತಿಲ್ಲ?'

'ನಿನ್ನೀನೂ ಗೊತ್ತಿದ್ದಿಲ್ಲ!' ಎಂದು ಚಂದ್ರಮ್ಮ ಕಿರುಚಿದಳು. ಇಡೀ ಮಹಡಿಗೆ ಕೇಳಿಸಿತು. ಫೋನು ನೋಡುತ್ತಿದ್ದವರೆಲ್ಲ ತಲೆಯೆತ್ತಿದರು. 'ನಿನ್ನೀನೂ ಗೊತ್ತಿದ್ದಿಲ್ಲ, ಮೊನ್ನೀನೂ ಗೊತ್ತಿದ್ದಿಲ್ಲ! ಗೊತ್ತೈತಿ ಅಂತ ಅಂದೆ ನಾ. ಸುಳ್ಳ ಅಂದೆ!'

ರಾಗಿಣಿ ಮೇಜಿನಿಂದ ಎದ್ದು ಬಂದು ತೋಳು ಹಿಡಿದಳು. 'ಆಜಿ, ಮೆಲ್ಲಗೆ. ಒಳಗೆ ಕೂಸುಗಳಿವೆ' ಎಂದಳು. ಕೆಳಗಿನ ಮಹಡಿಯಿಂದ ಗಾರ್ಡು ಎರಡೆರಡು ಮೆಟ್ಟಿಲು ಹತ್ತಿ ಬರುತ್ತಿದ್ದ. ಚಂದ್ರಮ್ಮ ತೋಳು ಬಿಡಿಸಿಕೊಳ್ಳಲಿಲ್ಲ, ದನಿಯನ್ನೂ ಇಳಿಸಲಿಲ್ಲ. 'ಗೊತ್ತಿದ್ದಿಲ್ಲ' ಎಂದು ಮರಾಠಿಯಲ್ಲಿ ಅವಳಿಗೂ ಹೇಳಿದಳು, ಬಂದ ಗಾರ್ಡಿಗೆ ಹಿಂದಿಯಲ್ಲಿ ಹೇಳಿದಳು.